ಊಜಿ

ಮೊದಲು ಗೊತ್ತಾದದ್ದು ಫ್ಯಾನಿನಿಂದ.
ಯಾರೂ ಏನೂ ಕೇಳದ ಹೊತ್ತಿನಲ್ಲಿ
ಮೇಜಿನ ಕೆಳಗಿನ ಡಬ್ಬ
ಮೆಟ್ಟಿಲು ಹತ್ತಿ ಬಂದವರ ಹಾಗೆ ಏದುಸಿರು ಬಿಡುತ್ತಿತ್ತು.
ಧೂಳಿರಬೇಕು ಅಂದುಕೊಂಡೆ.
ಶಿಡ್ಲಘಟ್ಟದಲ್ಲಿ ಯಾವುದಕ್ಕೂ ಮೊದಲು ಧೂಳನ್ನೇ ಬೈಯುವುದು.
ಹಳೇ ಸೀರೆ ತುಂಡಿನಿಂದ ಒರೆಸಿದೆ.
ಮತ್ತೆ ಏದುಸಿರು.

ಮದುವೆ ಕಾರ್ಡು ಮಾಡುತ್ತೇನೆ ನಾನು,
ರೀಲರುಗಳ ಲೆಕ್ಕ ಬರೆಯುತ್ತೇನೆ.
ಅಮಾನುಲ್ಲಾ ಸಾಹೇಬರ ಗೂಡಿನ ಬಾಕಿ,
ಯಾರ ಮಗಳಿಗೆ ಯಾವ ಮುಹೂರ್ತ,
ಊರಿನ ಅರ್ಧ ಗುಟ್ಟು ಈ ಡಬ್ಬದೊಳಗೆ
ಬೀಗವಿಲ್ಲದೆ ಮಲಗಿದೆ.
ಇಲ್ಲ, ಬೀಗ ಇತ್ತು:
ಮಗನ ಹೆಸರು, ಮುಂದೆ ಒಂದು ಎರಡು ಮೂರು.

ಆಮೇಲೆ ಸಣ್ಣ ಸಣ್ಣವು.
ಪರದೆಯ ಬಾಣ ತಾನೇ ಒಂದು ಗೇಣು ಸರಿದು
ನಾನು ನೋಡಿದೆನೆಂದು ನಿಂತಂತೆ ನಿಂತಿತು.
(ಮೌಸಿಗೆ ಕೂದಲು ಸಿಕ್ಕಿರಬಹುದು.)
ನಾನು ಹಾಕದ ಒಂದು ಐಕಾನು, ಮೂಲೆಯಲ್ಲಿ,
ಮೊದಲಿನಿಂದಲೂ ಇದ್ದವರ ಠೀವಿಯಲ್ಲಿ.
(ಮಗ ಏನೋ ಒತ್ತಿರಬಹುದು.)
ಕ್ಯಾಮೆರಾದ ಪಕ್ಕದ ಹಸಿರು ದೀಪ ಒಮ್ಮೆ ಮಿಣುಕಿತು.
ಅದಕ್ಕೆ ಮಾತ್ರ ಯಾವ ‘ಬಹುದು’ ಸಿಗಲಿಲ್ಲ.
ಹಣೆಯ ಬೊಟ್ಟು ಕಿತ್ತು
ಕ್ಯಾಮೆರಾದ ಕಣ್ಣಿಗೆ ಅಂಟಿಸಿದೆ.

ಅತ್ತೆ ಮುನಿವೆಂಕಟಮ್ಮ ಹುಳು ಸಾಕಿದವಳು.
ನಾಲ್ಕನೇ ಜ್ವರ ಎದ್ದ ಹುಳುವನ್ನು ಅಂಗೈ ಮೇಲೆ ಹೊರಳಿಸಿ
ಸಾಸಿವೆಗಿಂತ ಚಿಕ್ಕ ಕರೀ ಚುಕ್ಕೆ ತೋರಿಸುತ್ತಿದ್ದಳು:
“ಇಲ್ಲಿ ನೋಡು ಬಾಗಿಲು. ಊಜಿ ಒಳಗೆ ಹೋಗಿದೆ.”
ಹುಳು ಸೊಪ್ಪು ತಿನ್ನುತ್ತಲೇ ಇತ್ತು.
ನನಗೆ ಭಯವಾಗುತ್ತಿದ್ದದ್ದು ಅದೇ.
ತಿನ್ನುತ್ತದೆ, ಬೆಳೆಯುತ್ತದೆ, ಕೆಲವೊಮ್ಮೆ ಗೂಡೂ ಕಟ್ಟುತ್ತದೆ,
ಯಾರಿಗಾಗಿ ತಿನ್ನುತ್ತಿದ್ದೇನೆಂದು
ಒಮ್ಮೆಯೂ ಕೇಳಿಕೊಳ್ಳುವುದಿಲ್ಲ.

ಒಂದು ವಾರ ಹೀಗೇ ಹೋಯಿತು.
ಆಮೇಲೊಂದು ಬೆಳಿಗ್ಗೆ ಲೆಕ್ಕದ ಫೈಲು ತೆರೆಯುವಾಗ
ಹೆಸರಿನ ಪಕ್ಕದ ಹೊತ್ತು ಕಣ್ಣಿಗೆ ಬಿತ್ತು:
ಕೊನೆಯ ತಿದ್ದುಪಡಿ, ಬುಧವಾರ, ರಾತ್ರಿ ಮೂರು ಹನ್ನೆರಡು.
ಬುಧವಾರ ನಾನು ಚೇಳೂರಿನಲ್ಲಿದ್ದೆ, ನಾದಿನಿಯ ಬಾಣಂತನಕ್ಕೆ.
ಮಗ ನನ್ನ ಮಗ್ಗುಲಲ್ಲಿ.
ಮನೆಗೆ ಬೀಗ. ಬೀಗದ ಕೈ ಸೊಂಟದಲ್ಲಿ.

ಆಂಟಿವೈರಸ್ಸನ್ನು ಕೇಳಿದೆ.
ಅರ್ಧ ಗಂಟೆ ತಿರುಗಿ “ಎಲ್ಲ ಕ್ಷೇಮ” ಎಂದಿತು, ಹಸಿರು ಟಿಕ್ಕಿನ ಸಮೇತ.
ಅದೂ ಒಳಗೇ ಕೂತಿರುವುದಲ್ಲವೇ.
ಕದದ ಆಚೆಯಿಂದ ಒಂದು ದನಿ
“ಮನೆಯಲ್ಲಿ ಯಾರೂ ಇಲ್ಲ” ಅಂದರೆ
ಆ ದನಿ ಯಾರದು?

ನೀಲಿ ವೈರು ಕಿತ್ತೆ.
ಫ್ಯಾನು ಒಂದು ನಿಮಿಷ ತಡೆದು
ಸಣ್ಣಗಾಯಿತು.
ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾರಲ್ಲ ರೀಲರುಗಳು,
ಹಾಗೆ ಬಗ್ಗಿ ಕೇಳಿದೆ.
ಕೆನ್ನೆಗೆ ತಗಡು ತಾಗಿತು, ಬೆಚ್ಚಗಿತ್ತು.

ಪಕ್ಕದ ಮನೆ ತಸ್ಲೀಮಾಳ ಫೋನಿನಲ್ಲಿ ನನ್ನ ಮೇಲ್ ತೆರೆದೆವು.
ಕಳಿಸಿದ ಪತ್ರಗಳಲ್ಲಿ ನಾನು ಬರೆಯದ ಹನ್ನೊಂದು,
ನನ್ನದೇ ಹೆಸರು, ನನ್ನದೇ “ದಯವಿಟ್ಟು”,
ಹಣ ಕಟ್ಟಲು ಮಾತ್ರ ಬೇರೆ ನಂಬರು.
ಅಮಾನುಲ್ಲಾ ಸಾಹೇಬರು ಕಟ್ಟಿರಲಿಲ್ಲ.
“ನೀನು ಯಾವತ್ತೂ ಸಾಹೇಬರೇ ಅಂತ ಬರೀತೀಯ,
ಇದರಲ್ಲಿ ಬರೀ ಸಾರ್ ಇತ್ತಮ್ಮ” ಅಂದರು.
ಕರೀ ಚುಕ್ಕೆ
ನನಗಿಂತ ಮೊದಲು ಅವರಿಗೆ ಕಂಡಿತ್ತು.

ಎಲ್ಲಿಂದ ಬಂತು?
ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ, ಐವತ್ತು ರೂಪಾಯಿಗೆ,
ಪೆನ್‌ಡ್ರೈವ್ ತುಂಬ ಚಂದದ ಫಾಂಟು.
ಚುಚ್ಚಿದವಳು ನಾನೇ.

ಊಜಿ ಬಿದ್ದ ಮನೆಯನ್ನು ಅತ್ತೆ ಬರೀ ಗುಡಿಸಿ ಬಿಡುತ್ತಿರಲಿಲ್ಲ.
ಚಂದ್ರಿಕೆ ಬಿಸಿಲಿಗೆ, ಗೋಡೆಗೆ ಸುಣ್ಣ, ನೆಲಕ್ಕೆ ಬ್ಲೀಚಿಂಗು,
ಕಿಟಕಿಗೆ ಹೊಸ ಪರದೆ.
ಇವತ್ತು ನಾನೂ ಎಲ್ಲ ಅಳಿಸಿದೆ.
ಎಂಟು ವರ್ಷದ ವಧು, ವರ, ಅವರ ಚಿಕ್ಕಪ್ಪ ದೊಡ್ಡಪ್ಪಂದಿರು,
ಕೆಳಗೆ ‘ಉಡುಗೊರೆಗಿಂತ ಆಶೀರ್ವಾದವೇ ಲೇಸು’.
ಹೊಸ ಪಾಸ್‌ವರ್ಡನ್ನು
ಅಕ್ಕಿ ಡಬ್ಬದ ಮುಚ್ಚಳದ ಒಳಮೈಗೆ ಬರೆದೆ.

ಬೊಟ್ಟು ಮಾತ್ರ ಇನ್ನೂ ಅಲ್ಲೇ ಇದೆ.
ರಾತ್ರಿ ನೀರಿಗೆಂದು ಎದ್ದಾಗ
ಮೇಜಿನ ಕೆಳಗೆ ಬಗ್ಗಿ ಒಂದು ಸಲ ಕೇಳುತ್ತೇನೆ,
ಆರಿಸಿಯೇ ಮಲಗಿದ್ದರೂ.